ಕೆಂಪು ಕ್ಯಾಲಿಪರ್ ಶಾಸ್ತ್ರ

ಗಾಡಿ ಸ್ವಿಫ್ಟ್ ಎಂದೇ ಇಟ್ಟುಕೊಳ್ಳಿ. ನಂಬರು ಕೆಎ-56, ಬಣ್ಣ ಬಿಳಿ, ಹಿಂದಿನ ಗಾಜಿನ ಮೇಲೆ ಬಸವಣ್ಣನವರ ಚಿತ್ರ. ವರ್ಷಕ್ಕೊಮ್ಮೆಯಾದರೂ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಿ ನಾಲ್ಕು ಸುತ್ತು ಹೊಡೆದು ಬರಬೇಕೆಂದು ನಿಶ್ಚಯಿಸಿದ್ದೀರಿ. ಉಳಿದ ದಿನಗಳಲ್ಲಿ ಅದೇ ಗಾಡಿಯಲ್ಲಿ ಬಸವಕಲ್ಯಾಣದಿಂದ ಹುಮನಾಬಾದಿಗೆ ಅಂಗಡಿ, ಕೋರ್ಟು, ಮದುವೆ ಎಂದು ಓಡಾಟ. ಇಂಥವರು ಬ್ರೇಕ್ ಸುಧಾರಿಸಿಕೊಳ್ಳುವ ಕ್ರಮವನ್ನು ಕೆಳಗೆ ಕೊಟ್ಟಿದ್ದೇನೆ. ಹೇಳಿದಂತೆ ಮಾಡಿ. ನಡುವೆ ಸ್ವಂತ ಬುದ್ಧಿ ಉಪಯೋಗಿಸಿದರೆ ಫಲಿತಾಂಶಕ್ಕೆ ನಾನು ಹೊಣೆಯಲ್ಲ.

ಮೊದಲು ಗುರಿ ಸ್ಪಷ್ಟ ಮಾಡಿಕೊಳ್ಳಿ. ಬ್ರೇಕ್ ಇರುವುದು ಗಾಡಿ ನಿಲ್ಲಿಸಲಿಕ್ಕೆ ಎಂಬುದು ಕಂಪನಿಯವರ ಕಲ್ಪನೆ. ನಿಮ್ಮ ಬ್ರೇಕ್ ಇರುವುದು ಅಲಾಯ್ ವೀಲಿನ ಸಂದಿಯಿಂದ ಜನರಿಗೆ ಕಾಣಲಿಕ್ಕೆ. ಆದ್ದರಿಂದ ಖರ್ಚನ್ನು ಬಣ್ಣದಿಂದ ಶುರು ಮಾಡಿ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಕೆಂಪು ಸ್ಪ್ರೇ ಡಬ್ಬಿ ತನ್ನಿ. ಶಾಖ ತಡೆಯುವ ಬಣ್ಣ ಬೇರೆ ಸಿಗುತ್ತದೆ, ಅದಕ್ಕೆ ಕೈ ಹಾಕಬೇಡಿ, ಅದರ ಕೆಂಪು ಸ್ವಲ್ಪ ಮಬ್ಬು. ಚಕ್ರ ಬಿಚ್ಚದೆಯೇ ಸಂದಿಯಿಂದ ಹೊಡೆಯಿರಿ. ಬಣ್ಣ ಡಿಸ್ಕಿನ ಮೇಲೂ ಪ್ಯಾಡಿನ ಮೇಲೂ ಬಿದ್ದರೆ ಒರೆಸುವ ತೊಂದರೆ ಬೇಡ, ಓಡುತ್ತ ಓಡುತ್ತ ಉಜ್ಜಿ ಹೋಗುತ್ತದೆ.

ಹಿಂದಿನ ಚಕ್ರದ ಹತ್ತಿರ ಒಂದು ಸಮಸ್ಯೆ ಎದುರಾಗುತ್ತದೆ. ಅಲ್ಲಿ ಕ್ಯಾಲಿಪರ್ ಇಲ್ಲ, ಡ್ರಮ್ ಇದೆ. ಎದೆಗುಂದಬೇಡಿ. ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಮುಚ್ಚಳಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಮೇಲೆ ಯಾವುದಾದರೂ ಇಟಲಿಯ ಹೆಸರು ಬರೆದಿರುತ್ತದೆ. ಡ್ರಮ್ಮಿನ ಮೇಲೆ ಅಂಟಿಸಿ. ಗಾಳಿ ಆಡದಂತೆ ಬಿಗಿಯಾಗಿ ಅಂಟಿಸಿ. ಯಾರಾದರೂ ಡ್ರಮ್ಮಿನ ಮಾತೆತ್ತಿದರೆ 1953ರ ಕಥೆ ಹೇಳಿ. ಆ ವರ್ಷ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಪಂದ್ಯವನ್ನು ಜಾಗ್ವಾರ್ ಸಿ-ಟೈಪ್ ಗೆದ್ದದ್ದು ಡಿಸ್ಕ್ ಬ್ರೇಕಿನ ಬಲದಿಂದ. ಡ್ರಮ್ ಬ್ರೇಕಿನ ಗಾಡಿಗಳು ಬೇಗನೆ ವೇಗ ಇಳಿಸಬೇಕಾದ ಜಾಗದಲ್ಲಿ ರೋಲ್ಟ್ ಮತ್ತು ಹ್ಯಾಮಿಲ್ಟನ್ ಇನ್ನಷ್ಟು ಮುಂದೆ ಹೋಗಿ ಬ್ರೇಕ್ ಹಿಡಿದರು. ಕಥೆ ಮುಗಿಯುವ ಹೊತ್ತಿಗೆ ಚಹಾ ಬಂದಿರುತ್ತದೆ, ನಿಮ್ಮ ಡ್ರಮ್ಮು ಮರೆತು ಹೋಗಿರುತ್ತದೆ.

ಈಗ ಆಟೋನಗರಕ್ಕೆ ಹೋಗಿ. ಬಸವಕಲ್ಯಾಣದವರಾಗಿ ಇದೊಂದು ಅನುಕೂಲ ನಿಮಗೆ ಹುಟ್ಟಿನಿಂದಲೇ ಬಂದಿದೆ. ಲಾರಿಯ ಬಾಡಿ ಕಟ್ಟುವವರು, ಲೈನರ್ ಕೂರಿಸುವವರು, ಪಾಟಾ ಬಡಿಯುವವರು, ಏರ್ ಬ್ರೇಕಿನ ಬೂಸ್ಟರ್ ಬಿಚ್ಚಿ ರಿಪೇರಿ ಮಾಡುವವರು ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ತೊಗರಿ, ಸಕ್ಕರೆ, ಸಿಮೆಂಟು ಹೇರಿಕೊಂಡು ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಬರುವ ಲಾರಿಗಳನ್ನು ನಿಲ್ಲುವಂತೆ ಮಾಡುವುದೇ ಇವರ ಹೊಟ್ಟೆಪಾಡು. ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅವರಿಗೆ ಯೂಟ್ಯೂಬ್ ಚಾನೆಲ್ ಇಲ್ಲ.

ಉಸ್ತಾದ್ ಬಾನೆಟ್ ಎತ್ತುತ್ತಾರೆ. ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತಿರುಗಿಸಿ ಒಳಗೆ ಇಣುಕುತ್ತಾರೆ. ಹೊಸದಿದ್ದಾಗ ಜೇನಿನ ತೆಳು ಬಣ್ಣಕ್ಕಿದ್ದದ್ದು ಈಗ ಕಪ್ಪು ಚಹಾ ಆಗಿದೆ. ಬೆರಳು ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ, ಪ್ಯಾಂಟಿಗೆ ಒರೆಸಿಕೊಂಡು ಹೇಳುತ್ತಾರೆ: “ಸಾವ್ಕಾರ್, ಮೊದಲ್ ಈ ಆಯಿಲ್ ಬದಲ್ ಮಾಡ್ರಿ. ಬಣ್ಣ ಆಮ್ಯಾಲ ಹಚ್ಕೊಳ್ರಿ.”

ನಿಮ್ಮ ಉತ್ತರ ಸಿದ್ಧವಿರಲಿ: “ಆಯಿಲ್ ಯಾರಿಗಿ ಕಾಣಸ್ತದ, ಉಸ್ತಾದ್?”

ಈ ಪ್ರಶ್ನೆಗೆ ಆಟೋನಗರದಲ್ಲಿ ಉತ್ತರವಿಲ್ಲ. ಇದರ ಮೇಲೆಯೇ ನಮ್ಮ ಇಡೀ ಶಾಸ್ತ್ರ ನಿಂತಿದೆ, ಆದ್ದರಿಂದ ಆಯಿಲಿನ ವಿಷಯವನ್ನು ವಿವರವಾಗಿ ತಿಳಿದುಕೊಳ್ಳಿ.

ಒಂದು ಟನ್ ತೂಕದ ಗಾಡಿಯನ್ನು ಗಂಟೆಗೆ 160 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 10 ಲಕ್ಷ ಜೂಲ್. ಕೊಡದ ನೀರಿನಲ್ಲಿ ಮೂರು ಲೀಟರಿಗೂ ಹೆಚ್ಚು ತೆಗೆದು ಕುದಿಸಲು ಅಷ್ಟು ಸಾಕು. ವೇಗ 80 ಇದ್ದಿದ್ದರೆ ಇದರ ಕಾಲು ಭಾಗ ಮಾತ್ರ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಇದು ಶಾಲೆಯ ಲೆಕ್ಕ, ಆಗಲೇ ಮರೆತಿರುತ್ತೀರಿ, ಒಳ್ಳೆಯದೇ ಆಯಿತು. ಆ ಶಾಖದಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮುಂದಿನ ಎರಡು ಡಿಸ್ಕುಗಳೇ ನುಂಗಬೇಕು. ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಕ್ಯಾಲಿಪರಿನ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಹಿಂದೆ ನಿಂತ ಆಯಿಲಿಗೆ ಬಿಸಿ ಹತ್ತುತ್ತದೆ. ಹೊಸ ಡಾಟ್ 3 ಆಯಿಲು ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ, ಡಾಟ್ 4 ಆದರೆ 230. ಆದರೆ ಈ ಆಯಿಲಿಗೆ ಗಾಳಿಯ ತೇವ ಹೀರುವ ಚಟ ಇದೆ. ರಬ್ಬರ್ ಪೈಪಿನಿಂದಲೂ ಮುಚ್ಚಳದ ಸಂದಿಯಿಂದಲೂ ವರ್ಷಗಟ್ಟಲೆ ಹೀರುತ್ತದೆ. ಶೇ. 3-4ರಷ್ಟು ನೀರು ಸೇರಿತೆಂದರೆ ಡಾಟ್ 3ರ ಅಳತೆ 140ಕ್ಕೆ, ಡಾಟ್ 4ರದು 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಆಗ ನೀವು ಪೆಡಲ್ ತುಳಿದರೆ ಅದು ಗುಳ್ಳೆಯನ್ನಷ್ಟೇ ಅದುಮಿ, ಮೃದುವಾಗಿ, ಯಾವ ತಕರಾರೂ ಇಲ್ಲದೆ ತಳಕ್ಕೆ ಹೋಗಿ ಕೂರುತ್ತದೆ.

ಹೀಗಾಗಿ ಹಳೆಯ ಆಯಿಲನ್ನೇ ಉಳಿಸಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಗಾಡಿಯ ಜೊತೆ ಕೊಟ್ಟ ಪುಸ್ತಕ ಹೇಳಿದರೆ ಆ ಪುಸ್ತಕವನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು ಮನೆಯಲ್ಲಿಡಿ. ಮಟ್ಟ ಇಳಿದರೆ ಹೋದ ದಸರೆಗೆ ಒಡೆದ ಬಾಟಲಿಯಿಂದ ಮೇಲಷ್ಟು ಸುರಿಯಿರಿ. ಮುಚ್ಚಳ ಸಿಗದ ಬಾಟಲಿಯಾದರೆ ಇನ್ನೂ ಉತ್ತಮ. ಹೊಸದನ್ನೇ ಹಾಕಬೇಕೆಂದು ಹಟ ಹಿಡಿದರೆ ಡಬ್ಬಿಯ ಮೇಲಿನ ಅಂಕಿ ನೋಡಿ ದೊಡ್ಡದನ್ನು ಆರಿಸಿ. 4ಕ್ಕಿಂತ 5 ದೊಡ್ಡದು. ಡಾಟ್ 5 ಸಿಲಿಕೋನಿನದು, 3 ಮತ್ತು 4ರ ಜೊತೆ ಬೆರೆಸಬಾರದು, ಎಬಿಎಸ್ ಇರುವ ಗಾಡಿಗೆ ಹೊಂದುವುದಿಲ್ಲ, ಡಾಟ್ 5.1 ಎಂಬುದೇ ಬೇರೆ ವಸ್ತು ಎಂದೆಲ್ಲ ಅಂಗಡಿಯವನು ರಗಳೆ ತೆಗೆದರೆ ಅಂಗಡಿ ಬದಲಿಸಿ.

ಗಾಳಿ ತೆಗೆಯುವ ಕೆಲಸಕ್ಕೆ ಅಳಿಯನನ್ನೋ ತಮ್ಮನನ್ನೋ ಸೀಟಿನಲ್ಲಿ ಕೂರಿಸಿ. ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಖಾಲಿ ನೀರಿನ ಬಾಟಲಿಯಲ್ಲಿ ಇಳಿಬಿಡಿ. “ಒತ್ತು” ಎನ್ನಿ, ಸಡಿಲಿಸಿ. ಪೈಪಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಓಡುತ್ತವೆ. “ಹಿಡಿ” ಎನ್ನಿ, ಬಿಗಿ ಮಾಡಿ. ಗುಳ್ಳೆ ಪೂರ್ತಿ ನಿಲ್ಲುವ ತನಕ, ಮೇಲಿನ ಡಬ್ಬಿ ಬರಿದಾಗದಂತೆ ನೋಡಿಕೊಳ್ಳುತ್ತ, ನಾಲ್ಕೂ ಚಕ್ರಕ್ಕೆ ಇದನ್ನೇ ಮಾಡುವುದು ಆಟೋನಗರದ ಪದ್ಧತಿ. ನೀವು ಮುಂದಿನ ಎರಡಕ್ಕೆ ಮಾಡಿ ಮುಗಿಸಿ. ಊಟದ ಹೊತ್ತಾಯಿತು.

ಪ್ಯಾಡಿನ ವಿಷಯದಲ್ಲಿ ಮಾತ್ರ ಧಾರಾಳಿಯಾಗಿ. ರೇಸಿನ ಪ್ಯಾಡನ್ನೇ ತರಿಸಿ. ಅದು ಚೆನ್ನಾಗಿ ಕಾದ ಮೇಲೆ ಹಿಡಿಯುವ ಜಾತಿಯದು, ತಣ್ಣಗಿದ್ದಾಗ ಜಾರುತ್ತದೆ, ಕಿರಗುಟ್ಟುತ್ತದೆ, ಡಿಸ್ಕನ್ನು ತಿನ್ನುತ್ತದೆ. ಊರ ಓಡಾಟಕ್ಕೂ ಆಗೊಮ್ಮೆ ಈಗೊಮ್ಮೆಯ ಟ್ರ್ಯಾಕಿಗೂ ನಡುವಿನ ಗುಣದ ಪ್ಯಾಡು ಸಾಕು, ಇಲ್ಲವೇ ಟ್ರ್ಯಾಕಿನಲ್ಲಿ ಬದಲಿಸಿಕೊಂಡು ಮರಳುವಾಗ ಹಳೆಯದನ್ನು ಹಾಕಿಕೊಳ್ಳಬಹುದು ಎನ್ನುವವರಿದ್ದಾರೆ. ಜಾಕು, ಸ್ಪ್ಯಾನರು ಹೊತ್ತು ತಿರುಗುವುದು ನಿಮ್ಮ ಅಂತಸ್ತಿಗೆ ತಕ್ಕುದಲ್ಲ. ರೇಸಿನ ಪ್ಯಾಡು ಹಾಕಿಕೊಂಡೇ ಜನವರಿಯ ಮುಂಜಾನೆ ಆರಕ್ಕೆ ಹುಮನಾಬಾದಿಗೆ ಹೊರಡಿ. ಬೀದರ್ ಜಿಲ್ಲೆಯ ಚಳಿ ಗೊತ್ತೇ ಇದೆ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಹತ್ತಿದರೆ ಮಂಜು, ರಾಜೇಶ್ವರ ದಾಟಿದರೆ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರು, ಎರಡು ಟ್ರಾಲಿ, ಹಿಂದೆ ಒಂದು ದೀಪವೂ ಇಲ್ಲ. ಆಗ ಪೆಡಲ್ ತುಳಿಯಿರಿ. ಪ್ಯಾಡಿಗೆ ಇನ್ನೂ ಬೆಳಗಾಗಿಲ್ಲ ಎಂಬುದು ಗೊತ್ತಾಗುತ್ತದೆ. ಕಬ್ಬಿನ ಗರಿ ವಿಂಡ್‌ಸ್ಕ್ರೀನಿಗೆ ತಾಗುವಷ್ಟರಲ್ಲಿ ಗಾಡಿ ನಿಂತರೆ ಪ್ಯಾಡ್ ಒಳ್ಳೆಯ ಕಂಪನಿಯದು ಎಂದು ಎಲ್ಲರಿಗೂ ಶಿಫಾರಸು ಮಾಡಿ.

ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸುವ ಒಂದು ಕ್ರಮ ಇದೆ. ಖಾಲಿ ರಸ್ತೆಯಲ್ಲಿ 80ರ ಆಸುಪಾಸಿನಿಂದ 20ಕ್ಕೆ ಗಟ್ಟಿಯಾಗಿ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು, ಎಂಟು-ಹತ್ತು ಸಲ ಹೀಗೆ ಮಾಡಿ ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಬೇಕು. ನೀವು ಇದನ್ನು ಟೋಲ್ ನಾಕಾದ ಸಾಲಿನಲ್ಲಿ ಮಾಡಿ. ಎಲ್ಲರೂ ನೋಡುತ್ತಿರುತ್ತಾರೆ. ಪ್ಯಾಡು ಹೊಗೆಯಾಡುವಾಗ ಪೆಡಲನ್ನು ಒತ್ತಿ ಹಿಡಿದುಕೊಂಡೇ ಫಾಸ್ಟ್ಯಾಗ್ ಬೀಪ್ ಎನ್ನುವುದನ್ನು ಕಾಯಿರಿ. ಕಾದ ಪ್ಯಾಡು ಡಿಸ್ಕಿನ ಮೇಲೆ ತನ್ನ ಗುರುತು ಒತ್ತಿಬಿಡುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಸ್ಟೇರಿಂಗ್ ಗಡಗಡ ನಡುಗುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ರೇಸ್ ಸೆಟಪ್ ಎಂದು ಹೇಳಿ.

ಡಿಸ್ಕಿಗೆ ತೂತು ಹೊಡೆಸಿ. ದೊಡ್ಡ ಸ್ಪೋರ್ಟ್ಸ್ ಕಾರುಗಳಿಗೆ ತೂತು ಇರುವುದನ್ನು ನೀವು ಫೋಟೋದಲ್ಲಿ ನೋಡಿದ್ದೀರಿ. ಅವರು ಅದನ್ನು ತಯಾರಿಸುವಾಗಲೇ ಲೆಕ್ಕ ಹಾಕಿ ಇಡುತ್ತಾರೆ, ಆದರೂ ಟ್ರ್ಯಾಕಿನಲ್ಲಿ ಬಿಸಿ ಏರಿ ಇಳಿದಂತೆ ತೂತಿನಿಂದ ತೂತಿಗೆ ಬಿರುಕು ಹಬ್ಬುವುದುಂಟು. ಅದಕ್ಕೇ ಟ್ರ್ಯಾಕಿನ ಮಂದಿ ಬಹಳಷ್ಟು ಸಲ ಸಾದಾ ಅಥವಾ ಗೀರು ಕೊರೆದ ಡಿಸ್ಕನ್ನೇ ಹಾಕುತ್ತಾರೆ. ನೀವು ಲೇತಿನ ಅಂಗಡಿಗೆ ಹೋಗಿ ಸಾದಾ ಡಿಸ್ಕಿಗೇ ಡ್ರಿಲ್ ಇಳಿಸಲು ಹೇಳಿ. ಅಲ್ಲಿಯೇ ಮೇಲ್ಮೈಯನ್ನೂ ಎರಡು ಸಲ ತೆಗೆಸಿ, ಹೊಳಪು ಬರಲಿ. ಡಿಸ್ಕಿನ ಮೇಲೆ ಕನಿಷ್ಠ ಎಷ್ಟು ದಪ್ಪ ಇರಬೇಕೆಂದು ಮಿಲಿಮೀಟರಿನಲ್ಲಿ ಕೊರೆದಿರುತ್ತಾರೆ. ಅದನ್ನೂ ಒಂದು ಕೈ ಉಜ್ಜಿಸಿಬಿಡಿ.

ಹಣ ಇನ್ನೂ ಉಳಿದಿದ್ದರೆ ನಾಲ್ಕು ಪಿಸ್ಟನ್ನಿನ ದೊಡ್ಡ ಕ್ಯಾಲಿಪರನ್ನು ಹೈದರಾಬಾದಿನಿಂದಲೋ ಪುಣೆಯಿಂದಲೋ ತರಿಸಿ. ಬಂದ ಮೇಲೆ 14 ಇಂಚಿನ ಚಕ್ರದೊಳಗೆ ಅದು ಕೂರುವುದಿಲ್ಲ ಎಂದು ತಿಳಿಯುತ್ತದೆ. 17 ಇಂಚಿನ ಅಲಾಯ್ ಕೊಳ್ಳಿ. ಅದಕ್ಕೆ ರೊಟ್ಟಿ ದಪ್ಪದ ಟೈರು ಕೊಳ್ಳಿ. ಬಸವಕಲ್ಯಾಣದೊಳಗಿನ ಮೊದಲ ಹೊಂಡಕ್ಕೆ ಅಲಾಯ್ ಬಾಗುತ್ತದೆ, ಆಟೋನಗರದಲ್ಲಿ ಬಡಿಸಿ ನೇರ ಮಾಡಿಸಿ. ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದು ಪಿಸ್ಟನ್ನುಗಳು ದೊಡ್ಡವಾದರೆ ಪೆಡಲ್ ಉದ್ದಕ್ಕೆ ಇಳಿಯುತ್ತದೆ, ಮುಂದು-ಹಿಂದಿನ ಬ್ರೇಕಿನ ಸಮತೋಲ ಕೆಡುತ್ತದೆ, ಎಬಿಎಸ್ಸಿನ ಲೆಕ್ಕ ತಪ್ಪುತ್ತದೆ. ಇವೆಲ್ಲ ಕಾಣುವಂಥವಲ್ಲ. ಮನೆಯಲ್ಲಿ ಬಿಲ್ ಕೇಳಿದರೆ ಸರ್ವಿಸಿಂಗ್ ಎಂದು ಬರೆಸಿಕೊಂಡದ್ದನ್ನು ಕೊಡಿ.

ಟೈರಿಗೆ ಖರ್ಚು ಮಾಡಬೇಡಿ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು, ಗಾಡಿಯನ್ನು ನಿಲ್ಲಿಸುವುದು ಟೈರು ಎಂಬ ಮಾತು ಟೈರ್ ಅಂಗಡಿಯವರು ಹಬ್ಬಿಸಿದ್ದು, ನಿಜ ಎಂಬುದನ್ನು ಬಿಟ್ಟರೆ ಅದರಲ್ಲಿ ಹುರುಳಿಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆ ಭಾಗವನ್ನು ಒಳಮುಖ ಮಾಡಿ ಕೂರಿಸಿ.

ಕಾನೂನು ಚಿಕ್ಕ ವಿಷಯ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಕಲಂ ಇದೆ. ವಿಮೆಯ ಪಾಲಿಸಿಯ ಸಣ್ಣಕ್ಷರದಲ್ಲಿ ರೇಸು, ವೇಗದ ಪರೀಕ್ಷೆಗೆ ಪರಿಹಾರ ಇಲ್ಲ ಎಂದಿರುತ್ತದೆ. ಸಣ್ಣಕ್ಷರ ಇರುವುದೇ ಓದದಿರಲಿ ಎಂದು. ಅವರ ಇಚ್ಛೆಯನ್ನು ಗೌರವಿಸಿ.

ಇನ್ನು ಹೊರಡಿ. ಬಸವಕಲ್ಯಾಣದಿಂದ ಇರುಂಗಾಟ್ಟುಕೋಟೈಗೆ ಹೈದರಾಬಾದಿನ ಮೇಲೆ ಹೋದರೆ ಸುಮಾರು 800 ಕಿ.ಮೀ. ಇಳಿಜಾರು ಬಂದಲ್ಲೆಲ್ಲ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಿ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಎಂಜಿನ್ನೇ ಅರ್ಧ ಬ್ರೇಕು ಎನ್ನುವುದು ಲಾರಿಯವರ ಹಳೆಯ ನಂಬಿಕೆ. ಅವರು ಸಾವಿರಾರು ಘಾಟಿ ಇಳಿದಿರಬಹುದು, ಆದರೆ ಅವರ ಕ್ಯಾಲಿಪರ್ ಕೆಂಪಿಲ್ಲ. ಅವರಿಗೆ ಕ್ಯಾಲಿಪರೇ ಇಲ್ಲ.

ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಈ ಟ್ರ್ಯಾಕು ಶುರುವಾದದ್ದು 1990ರಲ್ಲಿ. ಒಂದು ಸುತ್ತು ಸುಮಾರು 3.7 ಕಿ.ಮೀ. ಟ್ರ್ಯಾಕ್ ದಿನಗಳಲ್ಲಿ ಹದಿನೈದು-ಇಪ್ಪತ್ತು ನಿಮಿಷದ ಸರದಿಗಳಲ್ಲಿ ಬಿಡುತ್ತಾರೆ. ಹಳಬರು ಮೊದಲ ಸುತ್ತನ್ನು ಬಿಸಿ ಮಾಡಲು, ಕೊನೆಯ ಸುತ್ತನ್ನು ತಣಿಸಲು ಮೀಸಲಿಡುತ್ತಾರೆ. ಕೊಟ್ಟ ದುಡ್ಡಿಗೆ ಎರಡು ಸುತ್ತು ನಷ್ಟ. ನೀವು ಮೊದಲ ತಿರುವಿನಿಂದಲೇ ಪೂರ್ತಿ ಓಡಿಸಿ. ಅವರು ನೇರ ಹಾದಿಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಸ್ವಲ್ಪ ಹೊತ್ತು ಹಿಡಿದು ಬಿಟ್ಟುಬಿಡುತ್ತಾರೆ, ಉಳಿದ ಹೊತ್ತು ಡಿಸ್ಕಿಗೆ ಗಾಳಿ. ನೀವು ಮೆಲ್ಲಗೆ, ಉದ್ದಕ್ಕೆ, ತಿರುವಿನ ನಡುವಿನವರೆಗೂ ಒತ್ತಿಕೊಂಡೇ ಇರಿ. ಎಡಗಾಲಿಗೆ ಕೆಲಸವಿಲ್ಲದಿದ್ದರೆ ಅದನ್ನೂ ಪೆಡಲಿನ ಮೇಲೆ ಇಟ್ಟುಕೊಳ್ಳಿ.

ನಾಲ್ಕನೇ ಸುತ್ತಿನ ಹೊತ್ತಿಗೆ ಒಂದು ವಾಸನೆ ಬರುತ್ತದೆ, ಸುಟ್ಟ ಕ್ಲಚ್ಚಿಗೂ ಕರಕಲು ರಬ್ಬರಿಗೂ ನಡುವಿನದು. ಅದು ಮುಂದಿನ ಗಾಡಿಯದು ಎಂದು ತಿಳಿಯಿರಿ. ಮುಂದೆ ಗಾಡಿ ಇಲ್ಲದಿದ್ದರೆ ಹಿಂದಿನ ಗಾಡಿಯದು. ಇನ್ನೊಂದು ಸುತ್ತಿಗೆ ಪೆಡಲ್ ಎರಡು ಬೆರಳು ಕೆಳಗೆ ಹೋಗಿ ಹಿಡಿಯುತ್ತದೆ. ತಿಳಿದವರು ಇಲ್ಲಿಗೆ ಕೈ ಎತ್ತಿ ಪಿಟ್ಟಿಗೆ ಬರುತ್ತಾರೆ. ಬಂದು ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಮುಟ್ಟದೆ, ಗಾಲಿಗೆ ಮರದ ತುಂಡು ಕೊಡುತ್ತಾರೆ. ಇದು ನಮ್ಮವರಿಗೆ ಹೊಸದಲ್ಲ. ಹುಮನಾಬಾದಿನ ವೀರಭದ್ರೇಶ್ವರನ ತೇರಿನ ಹಿಂದೆ ನಡೆದವರಿಗೆಲ್ಲ ಮರದ ತುಂಡಿನ ಮಹಿಮೆ ಗೊತ್ತು. ಆದರೆ ಅಷ್ಟು ದೂರ ಬಂದು ಜಾತ್ರೆಯವರಂತೆ ಕಾಣಬೇಡಿ. ಪಿಟ್ಟಿಗೆ ಬಂದರೆ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆಯಿರಿ. ಕಾದು ಹಿಗ್ಗಿದ ಡ್ರಮ್ಮು ತಣಿದು ಕುಗ್ಗಿ ಶೂಗಳನ್ನು ಕಚ್ಚಿಕೊಂಡರೆ ಗಾಡಿ ಭದ್ರವಾಗಿ ನಿಂತಿದೆ ಎಂದರ್ಥ. ಅಂಟಿಸಿದ ಪ್ಲಾಸ್ಟಿಕ್ ಕ್ಯಾಲಿಪರು ಕರಗಿ ಇಳಿಯುತ್ತಿದ್ದರೆ ಫೋಟೋದಲ್ಲಿ ಆ ಬದಿ ಬೀಳದಂತೆ ನೋಡಿಕೊಳ್ಳಿ.

ಆದರೆ ನೀವು ಪಿಟ್ಟಿಗೆ ಬರಬೇಡಿ. ಇನ್ನೊಂದು ಸುತ್ತು ಹಾಕಿ. ನೇರ ಹಾದಿಯ ತುದಿಗೆ ಮೊದಲ ತಿರುವು ಬರುತ್ತದೆ. ಹಿಂದಿನ ಸುತ್ತಿಗಿಂತ ತಡವಾಗಿ ಬ್ರೇಕ್ ಹಿಡಿಯಿರಿ, ಲ ಮಾನಿನಲ್ಲಿ ಜಾಗ್ವಾರಿನವರು ಮಾಡಿದ್ದೂ ಅದನ್ನೇ. ಪೆಡಲ್ ತಳಕ್ಕೆ ಹೋಗುತ್ತದೆ. ಎರಡನೇ ಸಲ ತುಳಿಯಿರಿ, ಮತ್ತೆ ಹೋಗುತ್ತದೆ. ಮಣ್ಣಿನ ಮೇಲೆ ಗಾಡಿ ಸಾಕಷ್ಟು ಹೊತ್ತು ಜಾರುತ್ತದೆ, ಯೋಚಿಸಲು ಸಮಯವಿರುತ್ತದೆ. ಆ ಸಮಯದಲ್ಲಿ ಯಾರನ್ನು ದೂರಬೇಕೆಂದು ತೀರ್ಮಾನಿಸಿಕೊಳ್ಳಿ. ಇಳಿದ ಕೂಡಲೇ ಟೈರಿಗೆ ಒಂದು ಒದೆ ಕೊಡಿ. ನೋಡುವವರಿಗೆ ಕಾರಣ ಗೊತ್ತಾಯಿತು.

ಗಾಡಿಯನ್ನು ಲಾರಿಯಲ್ಲಿ ಹೇರಿಸಿ ತನ್ನಿ, ಆದರೆ ಊರೊಳಗೆ ತರಬೇಡಿ. ಹುಮನಾಬಾದಿನ ಹೊರಗೆ ಧಾಬಾದ ಹಿಂದೆ ಇಳಿಸಿಕೊಂಡು, ಮಣ್ಣು ತೊಳೆಸಿ, ಬಸವಕಲ್ಯಾಣದ ತನಕ ಎರಡನೇ ಗೇರಿನಲ್ಲಿ ನೀವೇ ಓಡಿಸಿಕೊಂಡು ಬನ್ನಿ. ಎದುರಾದವರಿಗೆಲ್ಲ ಕೈ ಬೀಸಿ. ಈ ಸಲ ಆಯಿಲ್ ಬದಲಿಸೋಣ ಎಂದು ಮನಸ್ಸಿಗೆ ಬಂದರೆ ಅಂಗಡಿಗೆ ಹೋಗಿ ಎಂಜಿನ್ನಿಗೆ ಟರ್ಬೊ ಕೂರಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿ. ಆ ಹಣಕ್ಕಾಗಿ ಗಾಡಿಯನ್ನೇ ಮಾರಬೇಕಾಗಿ ಬಂದರೆ ಜಾಹೀರಾತಿನಲ್ಲಿ ಒಬ್ಬರೇ ಮಾಲೀಕರು, ಹೆದ್ದಾರಿಯಲ್ಲಷ್ಟೇ ಓಡಿದ್ದು, ಬ್ರೇಕ್ ಇತ್ತೀಚೆಗೆ ಮಾಡಿಸಿದ್ದು ಎಂದು ಬರೆಯಿರಿ, ಕೆಂಪು ಕ್ಯಾಲಿಪರಿನ ಹತ್ತಿರದ ಫೋಟೋ ಹಾಕಿ. ಗಿರಾಕಿ ಉಮರ್ಗಾದವನೋ ಜಹೀರಾಬಾದಿನವನೋ ಆದರೆ ಒಳ್ಳೆಯದು. ಬೇರೆ ರಾಜ್ಯಕ್ಕೆ ಎನ್‌ಒಸಿ ತೆಗೆಸುವ ಓಡಾಟ ಇರುತ್ತದೆ, ಬೇಸರ ಮಾಡಿಕೊಳ್ಳದೆ ತೆಗೆಸಿಕೊಡಿ. ಬೀಗರಿಗೆ ಮಾತ್ರ ಮಾರಬೇಡಿ. ಜನವರಿಯ ಜಾತ್ರೆಯಲ್ಲಿ ಎದುರಾಗುತ್ತಾರೆ.